ನಮ್ಮ ಗುಂಡನಿಗೆ ದಿನಕ್ಕೆ ಎಷ್ಟು ಊಟ ಹಾಕ್ಬೇಕು? 6.2 ಕೆಜಿ ಆಗಿದಾನೆ

ಗುಂಡನ ಮನೆ:
ಎಲ್ರಿಗೂ ನಮಸ್ಕಾರ. ನಾವು ಬೆಂಗಳೂರು ವಿಜಯನಗರದಲ್ಲಿರೋದು, ಎರಡನೇ ಮಹಡಿ ಮನೆ. ಗುಂಡ ನಾಟಿ ಬೆಕ್ಕು, ಗಂಡು, ಬೂದು ಪಟ್ಟೆ, 3 ವರ್ಷ, ನ್ಯೂಟರ್ (ಮರಿ ಆಗದ ಹಾಗೆ ಆಪರೇಷನ್) ಮಾಡ್ಸಿ ಎರಡು ವರ್ಷ ಆಯ್ತು, ಹೊರಗೆ ಬಿಡಲ್ಲ. ಮೊನ್ನೆ ವ್ಯಾಕ್ಸಿನ್‌ಗೆ ಕರ್ಕೊಂಡು ಹೋದಾಗ ತೂಕ 6.2 ಕೆಜಿ ಬಂತು, ಹೋದ ವರ್ಷ 5.1 ಇತ್ತು. ಡಾಕ್ಟ್ರು 5 ಕೆಜಿಗೆ ಇಳಿಸಿ, ಊಟ ಕಮ್ಮಿ ಮಾಡಿ ಅಂದ್ರು. ಹಿಂದೆ ತುಂಬಾ ಜನ ಕಾಯ್ತಿದ್ರು, ಕಮ್ಮಿ ಅಂದ್ರೆ ಎಷ್ಟು ಅಂತ ಕೇಳೋಕಾಗ್ಲಿಲ್ಲ, ಮನೆಗೆ ಬಂದ್ಮೇಲೆ ಅದೇ ಯೋಚನೆ.

ಈಗ ನಡೀತಿರೋದು ಹೇಳ್ತೀನಿ. ಬಟ್ಟಲಲ್ಲಿ ಡ್ರೈ ಫುಡ್ ಯಾವಾಗ್ಲೂ ಇರತ್ತೆ, ಖಾಲಿಯಾದ್ರೆ ಯಾರು ನೋಡ್ತಾರೋ ಅವ್ರು ತುಂಬಿಸ್ತೀವಿ. ಬೆಳಗ್ಗೆ ಸಂಜೆ ಹಾಲು. ರಾತ್ರಿ ಅತ್ತೆ ಊಟಕ್ಕೆ ಕೂತಾಗ ಪಕ್ಕದಲ್ಲಿ ಬಂದು ಕೂರ್ತಾನೆ, ಅವ್ರು ಎರಡು ತುತ್ತು ಮೊಸರನ್ನ ಇಡ್ತಾರೆ. ಪ್ಯಾಕೆಟ್ ಹಿಂದೆ 5 ರಿಂದ 6 ಕೆಜಿ ಬೆಕ್ಕಿಗೆ 65 ರಿಂದ 75 ಗ್ರಾಂ ಅಂತಿದೆ, ಅದು ಒಂದು ಹೊತ್ತಿಗಾ ಇಡೀ ದಿನಕ್ಕಾ ಅಂತಾನೂ ಗೊತ್ತಾಗ್ತಿಲ್ಲ. ಇಷ್ಟೆಲ್ಲಾ ತಿಂದೂ ಬೆಳಗಿನ ಜಾವ ನಾಲ್ಕೂವರೆಗೆ ಕೂಗಿ ಎಬ್ಬಿಸ್ತಾನೆ, ಹಸಿವಿಗೇ ಕೂಗ್ತಿದಾನೆ ಅನ್ಸಿ ಕರುಳು ಚುರ್ ಅನ್ನತ್ತೆ. ತಿಳಿದವ್ರು ದಯವಿಟ್ಟು ಹೇಳಿ.

ಮೂರು ಬೆಕ್ಕಿನ ಮನೆ:
ಪ್ಯಾಕೆಟ್ ಮೇಲೆ ಇರೋದು ಇಡೀ ದಿನದ ಲೆಕ್ಕ ಮೇಡಂ. ಅದೂ ಬೇರೆ ಏನೂ ಕೊಡದೆ ಬರೀ ಅದನ್ನೇ ಹಾಕಿದ್ರೆ ಮಾತ್ರ. ಹಾಲು, ಮೊಸರನ್ನ, ಟ್ರೀಟ್ ಎಲ್ಲಾ ಕೊಟ್ಟು ಅದ್ರ ಮೇಲೆ 70 ಗ್ರಾಂ ಡ್ರೈ ಫುಡ್ ಕಾಳು ಅಂದ್ರೆ ಜಾಸ್ತಿನೇ. ಇನ್ನೊಂದು, ಪ್ಯಾಕೆಟ್‌ನಲ್ಲಿ ತೂಕದ ಸಾಲು ನೋಡುವಾಗ ಈಗಿರೋ 6.2 ನೋಡ್ಬೇಡಿ, ಇರಬೇಕಾದ ತೂಕ 5ರ ಸಾಲು ನೋಡಿ.

ಮೊದ್ಲು ಒಂದು ಕೆಲ್ಸ ಮಾಡಿ. ಮೂರು ದಿನ ಏನೂ ಬದಲಾಯಿಸ್ಬೇಡಿ, ಈಗ ಏನೇನು ಹೋಗ್ತಿದೆಯೋ ಅದನ್ನೇ ತೂಕ ಮಾಡಿ ಬರೀರಿ. ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂವರೆಗೂ ತೋರಿಸತ್ತೆ. ಬೆಳಗ್ಗೆ 100 ಗ್ರಾಂ ಕಾಳು ಅಳೆದು ಒಂದು ಡಬ್ಬಿಗೆ ಹಾಕಿ, ಮನೇಲಿ ಯಾರೇ ಹಾಕೋದಾದ್ರೂ ಆ ಡಬ್ಬಿಯಿಂದಾನೇ ಹಾಕ್ಲಿ, ಮಾರನೇ ದಿನ ಬೆಳಗ್ಗೆ ಡಬ್ಬಿ, ಬಟ್ಟಲು ಎರಡರಲ್ಲೂ ಉಳಿದಿದ್ದನ್ನ ತೂಕ ಮಾಡಿ ಕಳೀರಿ. ನಮ್ಮನೇಲಿ ಹೀಗೆ ಮಾಡಿದಾಗ್ಲೇ ನಂಗೆ ಸತ್ಯ ಗೊತ್ತಾಗಿದ್ದು, ಒಂದು ಕಪ್ ಅಂತ ನಾನು ಹಾಕಿದ್ರೆ 38 ಗ್ರಾಂ, ಅದೇ ಕಪ್‌ನಲ್ಲಿ ನಮ್ಮನೆಯವ್ರು ಹಾಕಿದ್ರೆ 47. ಕಪ್, ಲೋಟ, ಹಿಡಿ ಇದ್ಯಾವುದನ್ನೂ ನಂಬೋಹಾಗಿಲ್ಲ.

ಬೆಕ್ಕಿನ ತೂಕ ಮನೇಲೇ ನೋಡ್ಬೋದು. ಮನುಷ್ಯರು ನಿಲ್ಲೋ ಮಷಿನ್ ಮೇಲೆ ಎತ್ಕೊಂಡು ನಿಲ್ಲಿ, ಆಮೇಲೆ ಅವನನ್ನ ಕೆಳಗಿಟ್ಟು ಒಬ್ರೇ ನಿಲ್ಲಿ, ಕಳೀರಿ. ವಾರಕ್ಕೆ ಒಂದೇ ಸಲ, ಅದೇ ದಿನ, ಅದೇ ಹೊತ್ತು. ದಿನಾ ನೋಡಿದ್ರೆ ಕಕ್ಕಸು ಉಚ್ಚೆ ಲೆಕ್ಕದಲ್ಲೇ ಏರಿಳಿದು ಸುಮ್ನೆ ತಲೆಕೆಡತ್ತೆ.

ಹುಬ್ಬಳ್ಳಿ ಅಣ್ಣ:
ನಮ್ಮೂರಾಗ ಬೆಕ್ಕಿಗೆ ತಕ್ಕಡಿ ಹಚ್ಚಿ ಊಟ ಹಾಕಿದ್ದು ನಾ ನೋಡಿಲ್ರಿ. ಧಾರವಾಡ ಹತ್ರ ಹಳ್ಳಿ ನಮ್ದು, ನಮ್ಮವ್ವ ಮುಂಜಾನೆ ಹಾಲಾಗ ರೊಟ್ಟಿ ಚೂರು ಮುರದು ಹಾಕ್ತಿದ್ಲು, ಉಳದದ್ದು ಅದರ ಪಾಡು. ಕಾಳಿನ ಚೀಲದಾಗ ಇಲಿ, ಹಿತ್ತಲದಾಗ ಹಕ್ಕಿ, ಹಲ್ಲಿ, ಎಲ್ಲಾ ತಿಂದು ತಂಪಾಗಿರ್ತಿತ್ತು, ದಪ್ಪ ಆಗಿದ್ದು ಒಂದೂ ನೆನಪಿಲ್ಲ. ಈಗ ಹುಬ್ಬಳ್ಳಿ ಅಪಾರ್ಟ್‌ಮೆಂಟ್‌ನಾಗ ನಮ್ಮ ಮಗಳು ಒಂದು ಸಾಕ್ಯಾಳ, ಅದೂ ದುಂಡಗಾಗಾಕ ಹತ್ತೇತಿ. ಅದಕ್ಕ ನಾನೂ ಓದಾಕ ಕುಂತೀನಿ, ತಿಳದವ್ರು ಬಿಡಿಸಿ ಹೇಳ್ರಿ.

ಪಶುವೈದ್ಯ ವಿದ್ಯಾರ್ಥಿನಿ:
ನಾನು ಪಶುವೈದ್ಯಕೀಯ ಕೊನೇ ವರ್ಷದಲ್ಲಿ ಓದ್ತಿದೀನಿ, ಇನ್ನೂ ಡಾಕ್ಟರ್ ಅಲ್ಲ, ಹಾಗಾಗಿ ನಾನು ಹೇಳೋದನ್ನ ನಿಮ್ಮ ಡಾಕ್ಟರ್ ಹತ್ರ ಒಂದು ಫೋನ್ ಮಾಡಿ ಖಚಿತ ಮಾಡ್ಕೊಳಿ.

ಅಣ್ಣ ಹೇಳಿದ್ದು ಸರಿಯಾಗೇ ಇದೆ. ಒಂದು ಚಿಕ್ಕ ಇಲಿಯಲ್ಲಿ ಸುಮಾರು 30 ಕ್ಯಾಲೊರಿ ಇರತ್ತೆ. 4 ಕೆಜಿ ಬೆಕ್ಕಿಗೆ ದಿನಕ್ಕೆ 200 ರಿಂದ 240 ಬೇಕು, ಅಂದ್ರೆ ಏಳೆಂಟು ಇಲಿ, ಒಂದೊಂದಕ್ಕೂ ಹೊಂಚು ಹಾಕಿ ಓಡಿ ಹಿಡೀಬೇಕು, ಎಷ್ಟೋ ಸಲ ತಪ್ಪಿಸ್ಕೊಂಡೂ ಹೋಗತ್ತೆ. ದಿನಕ್ಕೆ ಹತ್ತು ಸಲ ಸ್ವಲ್ಪ ಸ್ವಲ್ಪ ತಿನ್ನೋ ಮೈ ಅದು. ಫ್ಲಾಟ್‌ನಲ್ಲಿ ಓಡಾಟ ಹೋಯ್ತು, ತಿನ್ನೋ ಅಭ್ಯಾಸ ಉಳೀತು. ಅದ್ರ ಮೇಲೆ ನ್ಯೂಟರ್ ಮಾಡಿಸಿದ ಮೇಲೆ ಮೈಗೆ ಬೇಕಾಗೋ ಶಕ್ತಿ ಕಾಲು ಭಾಗದಷ್ಟು ಕಮ್ಮಿ ಆಗತ್ತೆ, ಹಸಿವು ಮಾತ್ರ ಜಾಸ್ತಿ ಆಗತ್ತೆ. ನ್ಯೂಟರ್ ಬೇಡ ಅಂತ ಅಲ್ಲ, ಖಂಡಿತ ಮಾಡಿಸ್ಬೇಕು, ಆದ್ರೆ ಆಪರೇಷನ್ ಆದ ತಿಂಗಳಿಂದಾನೇ ಬಟ್ಟಲು ಬದಲಾಗ್ಬೇಕು. ಇದನ್ನ ಯಾರೂ ಹೇಳಿ ಕಳ್ಸಲ್ಲ, ಅದೇ ನಂಗೆ ಬೇಜಾರು.

ಲೆಕ್ಕ ಹೇಗೆ ಅಂದ್ರೆ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಇರಬೇಕಾದ ತೂಕ 5 ಕೆಜಿ ತಾನೆ, 5 ಗುಣಿಸು 5 ಗುಣಿಸು 5, 125 ಬಂತು. ಅದಕ್ಕೆ ವರ್ಗಮೂಲದ ಬಟನ್ ಎರಡು ಸಲ ಒತ್ತಿ. ಮೊದಲನೇ ಸಲ 11.18, ಎರಡನೇ ಸಲ 3.34. ಅದನ್ನ 70ರಿಂದ ಗುಣಿಸಿ, 234. ಸುಮ್ನೆ ಮಲಗಿದ್ರೂ 5 ಕೆಜಿ ಮೈ ನಡೆಸೋಕೆ ಬೇಕಾದ ಕ್ಯಾಲೊರಿ ಅದು. ನ್ಯೂಟರ್ ಆಗಿ ತೂಕ ಸರಿಯಾಗಿರೋ ಬೆಕ್ಕಿಗೆ ಅದ್ರ 1.2 ಪಟ್ಟು, ಇಳಿಸ್ಬೇಕಾದವರಿಗೆ ಆ 234 ಅಷ್ಟೇ, ಇಲ್ಲಾ ಅದ್ರ 0.8 ಪಟ್ಟು. 3 ಕೆಜಿಗೆ 160 ಬರತ್ತೆ, 4 ಕೆಜಿಗೆ 198. ನೋಡಿ, 3ರಿಂದ 6ಕ್ಕೆ ತೂಕ ಡಬಲ್ ಆದ್ರೂ ಕ್ಯಾಲೊರಿ 160ರಿಂದ 268 ಅಷ್ಟೇ, ಡಬಲ್ ಆಗಲ್ಲ. ದೊಡ್ಡ ಬೆಕ್ಕು ಅಂತ ಎರಡು ಪಾಲು ಹಾಕೋದು ತಪ್ಪಾಗೋದು ಇಲ್ಲೇ.

ಇದು ಶುರು ಮಾಡೋಕೆ ಒಂದು ನಂಬರ್ ಮಾತ್ರ. ಒಂದೇ ತೂಕದ ಎರಡು ಬೆಕ್ಕಿಗೆ ಬೇಕಾಗೋದು ತುಂಬಾನೇ ಬೇರೆ ಇರ್ಬೋದು. ಹಾಕಿ, ಎರಡು ವಾರ ತೂಕ ನೋಡಿ, ಆಮೇಲೆ ತಿದ್ದಬೇಕು.

ಗುಂಡನ ಮನೆ:
ತುಂಬಾ ಥ್ಯಾಂಕ್ಸ್. ಪ್ಯಾಕೆಟ್‌ನಲ್ಲಿ ಕ್ಯಾಲೊರಿ ಎಲ್ಲೂ ಬರ್ದಿಲ್ವಲ್ಲ, ಬರೀ ಪ್ರೋಟೀನ್ 34, ಫ್ಯಾಟ್ 14, ಫೈಬರ್ 3, ಮಾಯಿಶ್ಚರ್ 10 ಅಂತ ಇದೆ.

ಪಶುವೈದ್ಯ ವಿದ್ಯಾರ್ಥಿನಿ:
ಅದರಿಂದಾನೇ ತೆಗೀಬೋದು ಅಕ್ಕ. ಬೂದಿ ಅಂಶ, ಅಂದ್ರೆ ಖನಿಜಗಳು, ಬರ್ದಿಲ್ದೇ ಇದ್ರೆ ಡ್ರೈ ಫುಡ್‌ಗೆ 8 ಅಂತ ಇಟ್ಕೊಳಿ. ಎಲ್ಲಾ ಕೂಡಿಸಿ 69, ನೂರರಿಂದ ಕಳೆದ್ರೆ 31, ಅದು ಕಾರ್ಬ್, ಅಂದ್ರೆ ಪಿಷ್ಟದ ಅಂಶ. ಪ್ರೋಟೀನ್‌ಗೂ ಕಾರ್ಬ್‌ಗೂ 3.5ರಿಂದ ಗುಣಿಸಿ, ಫ್ಯಾಟ್‌ಗೆ 8.5ರಿಂದ. 119, 108.5, 119. ಒಟ್ಟು 346, ಅಂದ್ರೆ 100 ಗ್ರಾಂಗೆ ಹೆಚ್ಚುಕಮ್ಮಿ 350. ಒಂದು ಗ್ರಾಂಗೆ 3.5 ಅಂತ ನೆನಪಿಟ್ಕೊಳಿ. ವೆಟ್ ಫುಡ್ ಪೌಚ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರೋದ್ರಿಂದ 85 ಗ್ರಾಂ ಪೌಚ್‌ಗೆ 60ರ ಆಸುಪಾಸು ಬರತ್ತೆ. ಅದೇ ಕ್ಯಾಲೊರಿಗೆ ಹೊಟ್ಟೆ ತುಂಬೋದು ಜಾಸ್ತಿ, ನೀರೂ ಒಳಗೆ ಹೋಗತ್ತೆ, ಗಂಡು ಬೆಕ್ಕಿಗೆ ಅದು ಮುಖ್ಯ.

ಉಡುಪಿ ಕಡೆಯವ:
ನಮ್ಮಲ್ಲಿ ಮೀನು ಉಂಟಲ್ಲ ಮಾರಾಯ್ರೆ, ಪ್ಯಾಕೆಟ್ ಎಲ್ಲ ಯಾಕೆ ಅಂತ ನಾನೂ ಮೊದಲು ಹೇಳ್ತಿದ್ದೆ. ಬೂತಾಯಿ, ಬಂಗುಡೆ ತಂದ ದಿನ ತಲೆ ಬಾಲ ಎಲ್ಲ ಬೆಕ್ಕಿಗೆ, ಹಸಿಯೇ. ಆಮೇಲೆ ನಮ್ಮ ಡಾಕ್ಟ್ರು ಕೂರಿಸಿ ವಿವರಿಸಿದ್ರು, ಕೆಲವು ಜಾತಿ ಮೀನು ಹಸಿ ಕೊಟ್ರೆ ಅದರಲ್ಲಿರುವ ಒಂದು ಅಂಶ ಬಿ1 ವಿಟಮಿನ್ ಹಾಳು ಮಾಡ್ತದೆ, ಬೇಯಿಸಿದ್ರೆ ಆ ತೊಂದರೆ ಇಲ್ಲ ಅಂತ. ಎಣ್ಣೆ ಜಾಸ್ತಿ ಇರುವ ಮೀನೇ ದಿನಾ ಕೊಡುವುದೂ ಒಳ್ಳೆದಲ್ಲ. ಈಗ ನಾವು ಉಪ್ಪು ಹುಳಿ ಖಾರ ಏನೂ ಹಾಕದೆ ನೀರಲ್ಲಿ ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಎರಡು ದಿನ ಒಂದು ಚಮಚದಷ್ಟು ಕೊಡುವುದು. ಒಣಮೀನು ಪೂರ್ತಿ ನಿಲ್ಲಿಸಿದ್ದೇವೆ, ಅದು ಉಪ್ಪಿನ ಗಡ್ಡೆಯೇ ಅಲ್ವಾ. ಸಾರಿನ ಮೀನು ಕೊಡ್ಲೇಬೇಡಿ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ.

ಸಾಗರದವಳು:
ನಾನು ಮೊಸರನ್ನದ ವಿಷಯ ಮಾತಾಡ್ಲೇಬೇಕು. ನಮ್ದು ಸಸ್ಯಾಹಾರಿ ಮನೆ, ಸಾಗರದ ಹತ್ರ ತೋಟದ ಮನೆ. ಅಜ್ಜಿ ಕಾಲದಿಂದ ಬೆಕ್ಕಿಗೆ ಮೊಸರನ್ನನೇ, ಅದು ತಿಂದೇ ಹನ್ನೆರಡು ಹದಿಮೂರು ವರ್ಷ ಬದುಕಿದ ಬೆಕ್ಕು ನಮ್ಮನೇಲಿತ್ತು. ಅದನ್ನೇ ನಂಬ್ಕೊಂಡು ನಾನು ಮದುವೆಯಾಗಿ ಬೆಂಗಳೂರಿಗೆ ಬಂದ್ಮೇಲೆ ಫ್ಲಾಟ್‌ನಲ್ಲಿ ಸಾಕಿದ ಚಿನ್ನಿಗೂ ಹಾಲನ್ನ, ಮೊಸರನ್ನ ಹಾಕ್ದೆ. ಎರಡು ವರ್ಷಕ್ಕೆ ಅವಳು ದಪ್ಪ ಇದ್ಲು ಆದ್ರೆ ಸುಸ್ತು, ಕತ್ತಲಲ್ಲಿ ಗೋಡೆಗೆ ಡಿಕ್ಕಿ ಹೊಡೀತಿದ್ಲು. ಕಣ್ಣಿನ ಹಿಂದಿನ ಪರದೆ ಹಾಳಾಗಿತ್ತು, ಮಾಂಸದಲ್ಲಿ ಸಿಗೋ ಟಾರಿನ್ ಅನ್ನೋ ಪೋಷಕಾಂಶ ಇಲ್ದೆ. ಊರಿನ ಬೆಕ್ಕು ಮೊಸರನ್ನ ತಿಂದು ಬದುಕಿರ್ಲಿಲ್ಲ, ಅಡಿಕೆ ಅಟ್ಟದ ಇಲಿ ತಿಂದು ಬದುಕಿತ್ತು. ಇದು ನಂಗೆ ಅರ್ಥ ಆಗೋ ಹೊತ್ತಿಗೆ ಚಿನ್ನಿಯ ಅರ್ಧ ದೃಷ್ಟಿ ಹೋಗಿತ್ತು. ಊಟ ಬದಲಾಯಿಸಿದ ಮೇಲೆ ಇನ್ನೂ ಹೋಗೋದು ನಿಂತಿತು, ಹೋಗಿದ್ದು ವಾಪಸ್ ಬರ್ಲಿಲ್ಲ. ಇವತ್ತಿಗೂ ಅವಳು ಸೋಫಾ ಹತ್ತುವಾಗ ಕಾಲಿಂದ ತಡಕೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಗುಂಡನಿಗೆ ಡ್ರೈ ಫುಡ್ಡೂ ಇರೋದ್ರಿಂದ ಆ ಭಯ ಇಲ್ಲ. ಆದ್ರೆ ಅನ್ನದಿಂದ ಹೊಟ್ಟೆ ತುಂಬಿದಷ್ಟೂ ಅವನಿಗೆ ಬೇಕಾದ ಮಾಂಸದ ಅಂಶಕ್ಕೆ ಜಾಗ ಕಮ್ಮಿ ಆಗತ್ತೆ. ನಾವು ಮಾಂಸ ತರಲ್ಲ, ಅಡುಗೆಮನೆಗೆ ಪ್ಯಾಕೆಟ್ಟೂ ತರಲ್ಲ. ಬಾಲ್ಕನಿಯಲ್ಲಿ ಅವಳಿಗೆ ಅಂತ ಬೇರೆ ಡಬ್ಬಿ, ಬೇರೆ ಚಮಚ, ಬೇರೆ ತಟ್ಟೆ. ನಮ್ಮ ಅಮ್ಮ ಮೊದ್ಲು ಮುಖ ಸಿಂಡರಿಸಿದ್ರು, ಈಗ ಬಂದಾಗ ಅವ್ರೇ ಹಾಕ್ತಾರೆ.

ಪಶುವೈದ್ಯ ವಿದ್ಯಾರ್ಥಿನಿ:
ಓದಿ ಕಣ್ಣು ತುಂಬಿ ಬಂತು ಅಕ್ಕ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗತ್ತೆ ಅಂತ 1975ರಲ್ಲೇ ಗೊತ್ತಾಗಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಹೃದಯದ ಸ್ನಾಯು ಊದಿಕೊಂಡು ಸೋಲೋ ಕಾಯಿಲೆಗೂ ಇದೇ ಕಾರಣ ಅಂತ ತೋರ್ಸಿದ್ರು, ಆಮೇಲೆ ತಯಾರಕರು ಫುಡ್‌ನಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದ್ರು. ನಾಯಿ ಟಾರಿನ್‌ನ ಮೈಯಲ್ಲೇ ತಯಾರು ಮಾಡ್ಕೊಳತ್ತೆ, ಬೆಕ್ಕಿಗೆ ಬೇಕಾದಷ್ಟು ಆಗಲ್ಲ. ಅದಕ್ಕೆ ನಾಯಿ ಫುಡ್‌ನ ಬೆಕ್ಕಿಗೆ ಹಾಕ್ಬಾರ್ದು, ಬೆಲೆ ಕಮ್ಮಿ ಅಂತ ಎಷ್ಟೋ ಜನ ಹಾಕ್ತಾರೆ.

ಮನೇಲೇ ಚಿಕನ್ ಬೇಯಿಸಿ ಹಾಕೋರಿಗೂ ಒಂದು ಮಾತು. ಬರೀ ಬೇಯಿಸಿದ ಕೋಳಿ ಮಾಂಸ ಪೂರ್ತಿ ಊಟ ಅಲ್ಲ, ಕ್ಯಾಲ್ಸಿಯಂ ಇರಲ್ಲ, ಟಾರಿನ್ ಬೇಯಿಸಿದ ನೀರಿಗೆ ಹೋಗತ್ತೆ. ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಪಾಲು ಹೀಗೆ ಹೊರಗಿನದ್ದು ಇದ್ರೆ ತೊಂದರೆ ಇಲ್ಲ, ಉಳಿದಿದ್ದು ಬೆಕ್ಕಿಗೆ ಅಂತಾನೇ ಮಾಡಿದ ಪೂರ್ಣ ಆಹಾರ ಆಗಿರ್ಲಿ.

ಗುಂಡನ ಮನೆ:
ಮೂರು ದಿನದ ಲೆಕ್ಕ ಬಂತು. ಸರಾಸರಿ ಕಾಳು 74 ಗ್ರಾಂ, 259 ಕ್ಯಾಲೊರಿ. ನೀಲಿ ಪ್ಯಾಕೆಟ್ ಹಾಲು ಎರಡು ಹೊತ್ತು ಸೇರಿ 120 ಎಂಎಲ್, ಅದು 72. ಮೊಸರನ್ನ 40 ಗ್ರಾಂ, 45 ಅಂತ ಇಟ್ಕೊಂಡೆ. ನೆಕ್ಕೋ ಟ್ರೀಟ್ ಟ್ಯೂಬ್ ಮಗ ಎರಡು ಕೊಡ್ತಾನೆ, 14. ಒಟ್ಟು 390! ಬೇಕಾಗಿರೋದು 234. ಅವನು ಹಸ್ಕೊಂಡಿದಾನೆ ಅಂತ ನಾನು ಇಷ್ಟು ದಿನ ಅತ್ತಿದ್ದು.

ಇವತ್ತಿಂದಾನೇ 234ಕ್ಕೆ ಇಳಿಸ್ಲಾ? ಇಲ್ಲಾ ಇನ್ನೂ ಕಮ್ಮಿ ಮಾಡಿ ಬೇಗ ಮುಗಿಸ್ಲಾ?

ಮೂರು ಬೆಕ್ಕಿನ ಮನೆ:
ಬೇಡ ಬೇಡ, ದಯವಿಟ್ಟು ಒಂದೇ ಸಲ ಇಳಿಸ್ಬೇಡಿ! ನಾನು ಆ ತಪ್ಪು ಮಾಡಿದೀನಿ. ನಮ್ಮ ಬಿಳಿಯ 7 ಕೆಜಿ ಇದ್ದ, ಬೇಗ ಇಳಿಲಿ ಅಂತ ಬ್ರ್ಯಾಂಡ್ ಬದಲಾಯಿಸಿ ಅದನ್ನೂ ಅರ್ಧ ಮಾಡ್ದೆ. ಹೊಸದು ಅವನಿಗೆ ಹಿಡಿಸ್ಲಿಲ್ಲ, ಮೂಸಿ ಹೋಗ್ತಿದ್ದ. ಹಸಿವಾದ್ರೆ ತಾನೇ ತಿಂತಾನೆ ಅಂತ ನಾನೂ ಬಿಟ್ಟೆ. ನಾಲ್ಕನೇ ದಿನ ಕಿವಿಯ ಒಳಗೆ, ವಸಡು ಎಲ್ಲಾ ಅರಿಶಿಣ ಬಣ್ಣ. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ದೇ ಇದ್ರೆ ಮೈಯಲ್ಲಿರೋ ಕೊಬ್ಬೆಲ್ಲಾ ಲಿವರ್‌ಗೆ ನುಗ್ಗಿ ಲಿವರ್ ಕೈಕೊಡತ್ತಂತೆ, ನಾಯಿ ಥರ ಉಪವಾಸ ತಡೆಯಲ್ಲ. ಕತ್ತಿನ ಹತ್ರ ಟ್ಯೂಬ್ ಹಾಕಿ ಐದು ವಾರ ದಿನಕ್ಕೆ ಆರು ಸಲ ಸಿರಿಂಜ್‌ನಲ್ಲಿ ಊಟ ತಳ್ಳಿದೀವಿ, ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟು. ಬದುಕಿದ, ಈಗ 5.2 ಇದಾನೆ. ಆ ಐದು ವಾರ ನಂಗೆ ಮರೆಯಲ್ಲ. ದಪ್ಪ ಬೆಕ್ಕು ಒಂದು ದಿನ ಪೂರ್ತಿ ಊಟ ಮುಟ್ಲಿಲ್ಲ ಅಂದ್ರೆ ಡಾಕ್ಟರ್‌ಗೆ ಫೋನ್ ಮಾಡಿ, ಎರಡನೇ ದಿನಕ್ಕೆ ಕಾಯ್ಬೇಡಿ.

ಪಶುವೈದ್ಯ ವಿದ್ಯಾರ್ಥಿನಿ:
ಅದೇ ನಾನೂ ಹೇಳ್ಬೇಕು ಅಂತಿದ್ದೆ. ವಾರಕ್ಕೆ ಮೈತೂಕದ 1 ಪರ್ಸೆಂಟ್ ಇಳಿದ್ರೆ ಚೆನ್ನಾಗಿ ನಡೀತಿದೆ ಅಂತ, ಗುಂಡನಿಗೆ ಸುಮಾರು 60 ಗ್ರಾಂ. 2 ಪರ್ಸೆಂಟ್ ದಾಟಿದ್ರೆ ಊಟ ಸ್ವಲ್ಪ ಜಾಸ್ತಿ ಮಾಡ್ಬೇಕು. 5ಕ್ಕೆ ಬರೋಕೆ ಆರು ತಿಂಗಳು ಆಗ್ಬೋದು, ಆಗ್ಲಿ.

ಮೊದಲ ವಾರ ಹಾಲು ಅರ್ಧ, ಮೊಸರನ್ನ ಒಂದೇ ತುತ್ತು. ಎರಡನೇ ವಾರ ಹಾಲು ಪೂರ್ತಿ ಬಂದ್. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗಲ್ಲ, ಭೇದಿ ಆಗದೇ ಇದ್ರೂ ಅದು ಬೇಕಾಗಿರೋ ವಸ್ತು ಅಲ್ಲ, ನೀರಿದ್ರೆ ಸಾಕು. ಕಾಳು ವಾರಕ್ಕೆ ಹತ್ತು ಗ್ರಾಂ ಇಳಿಸ್ತಾ ಹೋಗಿ, ಪೌಚ್ ಒಂದೊಂದು ಚಮಚದಿಂದ ಸೇರಿಸಿ. ಮೂರನೇ ವಾರದ ಕೊನೆಗೆ ಇಲ್ಲಿಗೆ ಬನ್ನಿ: ಕಾಳು 45 ಗ್ರಾಂ, ಪೌಚ್ ಒಂದು, ಬೇಯಿಸಿದ ಚಿಕನ್ 10 ಗ್ರಾಂ. 158, 60, 16, ಒಟ್ಟು 234. ಚಿಕನ್ ಬೇಡ ಅಂದ್ರೆ ಅದ್ರ ಬದ್ಲು ಕಾಳು 4 ಗ್ರಾಂ ಜಾಸ್ತಿ ಹಾಕಿ. ದಿನಾ ನಾಲ್ಕು ಗ್ರಾಂ ಅಂದ್ರೆ ಹತ್ತೋ ಹನ್ನೆರಡೋ ಕಾಳು, ಕಣ್ಣಿಗೆ ಕಾಣೋದೇ ಇಲ್ಲ, ಆದ್ರೆ ಅವನ ದಿನದ ಊಟದಲ್ಲಿ ನೂರಕ್ಕೆ ಆರು ಪಾಲು ಅದು.

ತಕ್ಕಡಿ ಜೊತೆ ಕೈಯಲ್ಲೂ ನೋಡಿ. ನಿಮ್ಮ ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಡಿ, ಇನ್ನೊಂದು ಕೈಬೆರಳಿಂದ ಗೆಣ್ಣುಗಳನ್ನ ಸವರಿ. ಪಕ್ಕೆಲುಬು ಹಾಗೆ ಸಿಕ್ಕಿದ್ರೆ ಸರಿಯಾದ ಮೈ. ಕೈ ತಿರುಗಿಸಿ ಅಂಗೈ ಕಡೆಯಿಂದ ಒತ್ತಿ ಹುಡುಕಿದ ಹಾಗಿದ್ರೆ ದಪ್ಪ. ಮುಷ್ಟಿ ಕಟ್ಟಿದ ಗೆಣ್ಣಿನ ಹಾಗೆ ಚುಚ್ಚಿದ್ರೆ ತೀರಾ ತೆಳ್ಳಗೆ. ಹೊಟ್ಟೆ ಕೆಳಗೆ ಜೋತಾಡೋ ಚರ್ಮದ ಚೀಲ ನೋಡಿ ದಪ್ಪ ಅನ್ಬೇಡಿ, ಅದು ತೆಳ್ಳಗಿರೋ ಬೆಕ್ಕಿಗೂ ಇರತ್ತೆ.

ಹೊಸಬಳು:
ಮಧ್ಯೆ ಬಂದೆ, ಕ್ಷಮಿಸಿ. ಮಳೇಲಿ ಒಂದು ಮರಿ ಸಿಕ್ಕಿದೆ, ಆರು ವಾರ ಇರ್ಬೋದು ಅಂದ್ರು, ತಕ್ಕಡಿಯಲ್ಲಿ 550 ಗ್ರಾಂ. ಇದಕ್ಕೂ ಇದೇ ಲೆಕ್ಕನಾ? ತುಂಬಾ ತಿನ್ನತ್ತೆ, ಹೊಟ್ಟೆ ಒಡೆದೋಗತ್ತೇನೋ ಅಂತ ಭಯ.

ಪಶುವೈದ್ಯ ವಿದ್ಯಾರ್ಥಿನಿ:
ಮರಿಗೆ ಕಮ್ಮಿ ಮಾಡೋ ಮಾತೇ ಇಲ್ಲ. ಅದೇ ಸೂತ್ರದಲ್ಲಿ 45 ಬರತ್ತೆ, ಮರಿಗೆ ಅದ್ರ ಎರಡೂವರೆ ಪಟ್ಟು, ಸುಮಾರು 110. ಕಿಟನ್ ಫುಡ್ಡೇ ಹಾಕಿ, ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿ ಆರಿಸಿ, ದಿನಕ್ಕೆ ನಾಲ್ಕೈದು ಸಲ, ತಿಂದಷ್ಟು ತಿನ್ಲಿ. ಹಸುವಿನ ಹಾಲು ಬೇಡ. ವಾರಕ್ಕೆ 100 ಗ್ರಾಂ ಆಸುಪಾಸು ಏರ್ತಿದ್ರೆ ಖುಷಿಪಡಿ. ಮೈ ಸಣ್ಣ ಇದ್ದು ಹೊಟ್ಟೆ ಮಾತ್ರ ಮಡಿಕೆ ಥರ ಊದಿದ್ರೆ ಜಂತುಹುಳ ಇರ್ಬೋದು, ತೂಕ ನೋಡಿ ಡಾಕ್ಟ್ರೇ ಔಷಧಿ ಕೊಡ್ಲಿ, ನೀವು ಅಂದಾಜಲ್ಲಿ ಕೊಡ್ಬೇಡಿ.

ಹುಬ್ಬಳ್ಳಿ ಅಣ್ಣ:
ಒಂದು ಕೇಳ್ಲಿ? ನಮ್ಮ ತಂಗಿ ಮನ್ಯಾಗ ಹದಿಮೂರು ವರ್ಷದ ಬೆಕ್ಕ ಐತಿ. ಅದು ಉಲ್ಟಾ, ಮೊದಲಿಗಿಂತ ಜಾಸ್ತಿ ತಿಂತೈತಿ, ನೀರೂ ಭಾಳ ಕುಡಿತೈತಿ, ಆದ್ರ ಬೆನ್ನೆಲುಬು ಕಾಣಾಕ ಹತ್ಯಾವ. ವಯಸ್ಸಾತು ಬಿಡು ಅಂತ ಎಲ್ಲಾರೂ ಅಂತಾರ.

ಪಶುವೈದ್ಯ ವಿದ್ಯಾರ್ಥಿನಿ:
ಅಣ್ಣ, ವಯಸ್ಸು ಅಂತ ಬಿಡ್ಬೇಡಿ. ಜಾಸ್ತಿ ತಿಂದೂ ಇಳಿಯೋದು, ನೀರು ಜಾಸ್ತಿ ಕುಡಿಯೋದು ಅಂದ್ರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿಡ್ನಿ, ಈ ಮೂರನ್ನೂ ನೋಡ್ಲೇಬೇಕು. ರಕ್ತ, ಮೂತ್ರ ಟೆಸ್ಟ್ ಈ ವಾರಾನೇ ಮಾಡ್ಸೋಕೆ ಹೇಳಿ. ಊಟದ ಲೆಕ್ಕ ಆಮೇಲೆ ನೋಡೋಣ.

ಸಾಗರದವಳು:
ಗುಂಡನ ಅಮ್ಮ, ಅತ್ತೆಗೆ ಹೇಗೆ ಹೇಳ್ತೀರ? ಕೇಳ್ತಿರೋದು ಯಾಕಂದ್ರೆ ಇಂಥ ಲೆಕ್ಕ ಎಷ್ಟೋ ಮನೇಲಿ ಅಲ್ಲೇ ಮುರಿದು ಬೀಳತ್ತೆ.

ಗುಂಡನ ಮನೆ:
ಅದೇ ನನ್ನ ಸಂಕಟ. ಮಾವ ತೀರ್ಕೊಂಡ ಮೇಲೆ ಅತ್ತೆ ಊಟಕ್ಕೆ ಒಬ್ರೇ ಕೂರೋದು, ನಾವೆಲ್ಲಾ ಲೇಟು. ಗುಂಡ ಬಂದು ಮಣೆ ಪಕ್ಕ ಕೂತ ಮೇಲೇ ಅವ್ರು ಕೈತುತ್ತು ಎತ್ತೋದು. ಮೊಸರನ್ನ ಹಾಕ್ಬೇಡಿ ಅಂದ್ರೆ ಅವರ ಊಟದ ಜೊತೆಗಾರನನ್ನೇ ಕಿತ್ಕೊಂಡ ಹಾಗೆ. ನಂಗೆ ಬಾಯಿ ಬರ್ತಿಲ್ಲ.

ಸಾಗರದವಳು:
ಹಾಗಾದ್ರೆ ಕಿತ್ಕೋಬೇಡಿ, ಜವಾಬ್ದಾರಿ ಅವರಿಗೇ ಕೊಡಿ. ಗುಂಡನ ರಾತ್ರಿ ಪಾಲು ಅತ್ತೆ ಊಟದ ಹೊತ್ತಿಗೇ ಇಟ್ಕೊಳಿ, ಪೌಚ್‌ನ ಅರ್ಧ ಅವರೇ ತಟ್ಟೆಗೆ ಹಾಕ್ಲಿ. ಅವರ ಪಕ್ಕದಲ್ಲಿ ಕೂತು ತಿಂತಾನಲ್ಲ, ಅವರಿಗೆ ಬೇಕಿರೋದು ಅದೇ. ನನ್ನ ಚಿನ್ನಿ ಕಥೆ ಬೇಕಿದ್ರೆ ಓದಿ ಹೇಳಿ.

ನಾಲ್ಕೂವರೆ ಕೂಗಿಗೆ: ಕೂಗಿದ ತಕ್ಷಣ ಎದ್ದು ಹಾಕಿದ್ರೆ ನಾಳೆ ನಾಲ್ಕು ಗಂಟೆಗೆ ಕೂಗ್ತಾನೆ. ರಾತ್ರಿ ಮಲಗೋ ಮುಂಚೆ ಹತ್ತು ನಿಮಿಷ ದಾರ ಕಟ್ಟಿದ ಕಡ್ಡಿಯಲ್ಲಿ ಓಡಾಡ್ಸಿ, ಆಮೇಲೆ ಕೊನೇ ಪಾಲು ಹಾಕಿ. ಟೈಮರ್ ಇರೋ ಫೀಡರ್ ಐದು ಗಂಟೆಗೆ ಹತ್ತು ಗ್ರಾಂ ಬೀಳೋ ಹಾಗೆ ಇಟ್ರೆ ಅವನು ನಿಮ್ಮನ್ನ ಬಿಟ್ಟು ಮಷಿನ್ ಮುಂದೆ ಕಾಯ್ತಾನೆ. ನಮ್ಮನೇಲಿ ಎಂಟು ದಿನದಲ್ಲಿ ನಿಂತಿತು. ಹಗಲು ಸ್ವಲ್ಪ ಕಾಳನ್ನ ಟಿಶ್ಯೂ ರೋಲ್‌ನ ರಟ್ಟಿನ ಕೊಳವೆಗೆ ತೂತು ಮಾಡಿ ತುಂಬ್ಸಿ ಕೊಡಿ, ಉರುಳಿಸಿ ಉರುಳಿಸಿ ತಿಂತಾರೆ.

ಗುಂಡನ ಮನೆ (ಐದನೇ ವಾರ):
ಅಪ್ಡೇಟ್. ಅತ್ತೆಗೆ ಸಾಗರದ ಅಕ್ಕ ಬರೆದಿದ್ದನ್ನ ಪೂರ್ತಿ ಓದಿ ಹೇಳ್ದೆ. ಸುಮಾರು ಹೊತ್ತು ಸುಮ್ನಿದ್ರು, ಆಮೇಲೆ "ಕಣ್ಣು ಹೋಗತ್ತೆ ಅಂತ ನಂಗೇನು ಗೊತ್ತು ಮಗಳೇ" ಅಂದ್ರು. ಮಾರನೇ ದಿನದಿಂದ ತಕ್ಕಡಿ ಅವರ ವಶ. ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೀತಿದ್ರಲ್ಲ, ಅದ್ರ ಕೆಳಗೆ ಪೆನ್ಸಿಲ್‌ನಲ್ಲಿ ಗುಂಡ 45 ಅಂತ ದಿನಾ ಬರೀತಾರೆ.

ಮೊದಲ ಮೂರು ವಾರದಲ್ಲಿ 6.2ರಿಂದ 6.0ಕ್ಕೆ ಬಂದ. ಆಮೇಲೆ ಎರಡು ವಾರದಿಂದ ಅಲ್ಲಾಡ್ತಿಲ್ಲ, 6.0ನಲ್ಲೇ ನಿಂತಿದಾನೆ. 200ಕ್ಕೆ ಇಳಿಸ್ಲಾ?

ಮೂರು ಬೆಕ್ಕಿನ ಮನೆ:
ಇಳಿಸೋ ಮುಂಚೆ ಸೋರಿಕೆ ಎಲ್ಲಿ ಅಂತ ನೋಡಿ. ಮನೇಲಿರೋ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿ, ಕೆಲಸದವರನ್ನೂ ಕೇಳಿ, ಬೈಯೋ ಧ್ವನಿಯಲ್ಲಿ ಕೇಳ್ಬೇಡಿ. ನಮ್ಮನೇಲಿ ಎರಡು ಬೆಕ್ಕು ಮೂರನೇದರ ತಟ್ಟೆಗೆ ಬಾಯಿ ಹಾಕ್ತಿದ್ವು, ಬೇರೆ ಬೇರೆ ರೂಮಲ್ಲಿ ಬಾಗಿಲು ಹಾಕಿ ಇಪ್ಪತ್ತು ನಿಮಿಷ ತಿನ್ಸಿ ತಟ್ಟೆ ಎತ್ತಿದ ಮೇಲೇ ಸರಿಹೋಗಿದ್ದು.

ಗುಂಡನ ಮನೆ:
ಸಿಕ್ತು. ನಮ್ಮನೆಯವ್ರು ಬೆಳಗ್ಗೆ ವಾಕಿಂಗ್‌ಗೆ ಏಳುವಾಗ ಫೀಡರ್ ಮುಂದೆ ಪಾಪ ಕೂತಿರ್ತಾನೆ ಅಂತ ಒಂದು ಹಿಡಿ ಹಾಕಿ ಹೋಗ್ತಿದ್ರು. ತೂಕ ಮಾಡಿದ್ವಿ, 14 ಗ್ರಾಂ, 49 ಕ್ಯಾಲೊರಿ. ಅವರಿಗೂ ನಂಬರ್ ನೋಡಿ ಗಾಬರಿ ಆಯ್ತು. ಈಗ ಆ ಹೊತ್ತಲ್ಲಿ ಕಾಳಿನ ಬದ್ಲು ಐದು ನಿಮಿಷ ಮೈ ಬಾಚ್ತಾರೆ, ಅದಕ್ಕೂ ಗುರ್‌ಗುರ್ ಅಂತ ಮಲಗ್ತಾನೆ.

ಗುಂಡನ ಮನೆ (ಹನ್ನೆರಡನೇ ವಾರ):
5.6 ಕೆಜಿ! ಪಕ್ಕೆಲುಬು ಬೆರಳಿಗೆ ಸಿಗ್ತಿದೆ. ಹೋದ ವಾರ ಎರಡು ವರ್ಷದ ಮೇಲೆ ಮೊದಲನೇ ಸಲ ಫ್ರಿಡ್ಜ್ ಮೇಲೆ ಹಾರಿ ಕೂತಿದ್ದ, ಅತ್ತೆ ನನ್ನ ಕೂಗಿ ಕರೆದು ತೋರ್ಸಿದ್ರು. ಡಾಕ್ಟ್ರ ಹತ್ರ ಹೋಗಿ ಬಂದ್ವಿ, ಹೀಗೇ ಮುಂದುವರೆಸಿ ಅಂದ್ರು. 5ಕ್ಕೆ ಬಂದ್ಮೇಲೆ ಏನ್ಮಾಡ್ಬೇಕು?

ಪಶುವೈದ್ಯ ವಿದ್ಯಾರ್ಥಿನಿ:
ಎಷ್ಟು ಖುಷಿ ಆಯ್ತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎಲ್ರಿಗೂ ತೋರಿಸ್ದೆ. 5ರ ಹತ್ರ ಬಂದಾಗ 234ಕ್ಕೆ ಹತ್ತು ಪರ್ಸೆಂಟ್ ಸೇರ್ಸಿ, ಅಂದ್ರೆ ಕಾಳು 6 ಅಥವಾ 7 ಗ್ರಾಂ ಜಾಸ್ತಿ. ಎರಡು ವಾರ ನೋಡಿ. ಇನ್ನೂ ಇಳೀತಿದ್ರೆ ಮತ್ತೆ ಸ್ವಲ್ಪ ಸೇರ್ಸಿ, ನಿಂತ್ರೆ ಅದೇ ಅವನ ಅಳತೆ. ಆಮೇಲೆ ತಿಂಗಳಿಗೆ ಒಂದು ಸಲ ತೂಕ ಸಾಕು.

ಗುಂಡನ ಮನೆ:
ಸರಿ ಹಾಗೇ ಮಾಡ್ತೀವಿ. ಅತ್ತೆ ಒಂದು ಕೇಳಿ ಅಂತಿದಾರೆ, ಯುಗಾದಿ ದಿನ ಒಂದೇ ಒಂದು ತುತ್ತು ಮೊಸರನ್ನ ಹಾಕ್ಬೋದಾ ಅಂತ.

ಪಶುವೈದ್ಯ ವಿದ್ಯಾರ್ಥಿನಿ:
ಅನ್ನ ಬೇಡ ಅನ್ನಿ ಅಮ್ಮನಿಗೆ. ಬರೀ ಮೊಸರು, ಉಪ್ಪು ಒಗ್ಗರಣೆ ಇಲ್ದೇ ಇರೋದು, ಒಂದು ಚಿಕ್ಕ ಚಮಚ ಅವರ ಕೈಯಿಂದಾನೇ ನೆಕ್ಕಿಸ್ಲಿ. 5 ಗ್ರಾಂ ಮೊಸರಿಗೆ 3 ಕ್ಯಾಲೊರಿ, ಆ ದಿನ ಕ್ಯಾಲೆಂಡರ್‌ನಲ್ಲಿ 45 ಬದ್ಲು 44 ಅಂತ ಬರೀಲಿ.